ತುಂಬಿದ ಬಟ್ಟಲು

ಕೋಕಂದ್
16 ಏಪ್ರಿಲ್ 2003

ಪ್ರೀತಿಯ ಮುಕರ್ರಮ್,

ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಏಪ್ರಿಕಾಟ್ ಹೂವೆಲ್ಲ ಉದುರಿ ಕಾಯಿ ಕಚ್ಚಿದೆ. ಈ ಕಾಗದ ಮಾತ್ರ ಸಿನಿಮಾ ವಿಷಯಕ್ಕೆ.

ನೀನು ತಾಷ್ಕೆಂಟಿನ ಸ್ಟುಡಿಯೋದಲ್ಲಿ ಟೈಪಿಸ್ಟ್ ಆಗಿದ್ದಾಗ ತೆಗೆದ ಆ ಕಪ್ಪು ಬಿಳುಪು ಚಿತ್ರವನ್ನು ಭಾನುವಾರ ನಮ್ಮ ಗ್ರಂಥಾಲಯದಲ್ಲಿ ತೋರಿಸಿದರು. ಗಡಿಯಾರ ರಿಪೇರಿಯ ಸಂಕೋಚದ ಹುಡುಗ, ತಲೆಯೆತ್ತಿ ಮಾತಾಡದ ಹೊಲಿಗೆಯ ಹುಡುಗಿ. ಅವನು ಮನೆಗೆ ಬಂದಾಗ ಅವಳು ಗಾಬರಿಯಲ್ಲಿ ಬಟ್ಟಲಿನ ಅಂಚಿನವರೆಗೆ ಚಹಾ ಸುರಿದುಬಿಡುತ್ತಾಳೆ. ನಮ್ಮಲ್ಲಿ ಬಂದವರನ್ನು ಕೂರಿಸಿಕೊಳ್ಳುವ ಮನಸ್ಸಿದ್ದರೆ ಸ್ವಲ್ಪ ಸ್ವಲ್ಪವೇ ಸುರಿಯಬೇಕು. ತುಂಬಿಸಿ ಕೊಟ್ಟರೆ ಕುಡಿದು ಹೊರಡು ಎಂದರ್ಥ. ಅವನು ಎದ್ದು ಹೋಗುತ್ತಾನೆ. ಅವಳ ಗೆಳತಿ ಬೀದಿಗೆ ಓಡಿ ಅವನನ್ನು ಕರೆತರುತ್ತಾಳೆ.

ಪತ್ರಿಕೆಯಲ್ಲಿ ಆ ದೃಶ್ಯಕ್ಕೆ ‘ಅಪೂರ್ವ ಕಲ್ಪನೆ’ ಎಂದು ಹೊಗಳಿಕೆ. ಸಂಪಾದಕರಿಗೆ ಎರಡು ಪುಟದ ಆಕ್ಷೇಪಣೆ ಬರೆದು ಹಾಕಿದ್ದೇನೆ. ಕಲ್ಪನೆಯಂತೆ. 1966ರ ಮಾರ್ಚ್‌ನಲ್ಲಿ ಭೂಗೋಳದ ಮೇಷ್ಟ್ರು ತೋಲಿಬ್ ಪುಸ್ತಕ ಹಿಂತಿರುಗಿಸುವ ನೆಪದಲ್ಲಿ ಬಂದು ಕೂತದ್ದು ನಮ್ಮ ಅಂಗಳದಲ್ಲಿ. ಗಾಬರಿಯಲ್ಲಿ ಬಟ್ಟಲು ತುಂಬಿಸಿ, ಬಿಸಿ ಚಹಾ ಚೆಲ್ಲಿ ಬೆರಳು ಸುಟ್ಟುಕೊಂಡವಳು ನಾನು.

ಹೊಟ್ಟೆಕಿಚ್ಚು ಅನ್ನು, ಒಪ್ಪುತ್ತೇನೆ. ಮೊದಲು ಆ ನಟಿಯ ಮೇಲೆ. ಅವಳಿಗೆ ಎರಡನೇ ಸಲ ಸುರಿಯುವ ಅವಕಾಶ ಸಿಕ್ಕಿತು. ನನ್ನ ಕಥೆಯನ್ನು ಸಿನಿಮಾದವರಿಗೆ ನೀನು ಹೇಳಿದ್ದನ್ನು ಕ್ಷಮಿಸಿದ್ದೆ. 1967ರಲ್ಲಿ ನೀನೇ ತೋಲಿಬ್ ಅವರನ್ನು ಮದುವೆಯಾದಾಗ ರೊಟ್ಟಿ ತಟ್ಟಿದವಳೂ ನಾನೇ. ಯಾಕೆಂದರೆ ಅವರು ಚಹಾ ಕುಡಿದು ಎದ್ದು ಹೋದ ಅವತ್ತು ನೀನು ಅವರ ಹಿಂದೆ ಓಡಿ, ಏದುಸಿರು ಬಿಡುತ್ತ ಬಂದು ಹೇಳಿದ್ದೆ: “ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ ಕಣೆ, ತಿರುಗಿ ಕೂಡ ನೋಡ್ಲಿಲ್ಲ.” ತಿರುಗಿಯೂ ನೋಡದವರ ಮೇಲೆ ನನಗೆಂಥ ಹಕ್ಕು? ಮೂವತ್ತೇಳು ವರ್ಷ ಆ ಮಾತನ್ನು ನಂಬಿ ಒಬ್ಬಳೇ ಇದ್ದೆ.

ತಮ್ಮನ ಮಗನ ಮದುವೆಗೆಂದು ಇಲ್ಲಿಗೆ ಬಂದಿದ್ದ ನಿಮ್ಮ ಯಜಮಾನರು ಭಾನುವಾರ ಚಿತ್ರಕ್ಕೂ ಬಂದರು, ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ಗೆಳತಿ ಬೀದಿಯಲ್ಲಿ ಓಡುವಾಗ ಕನ್ನಡಕ ತೆಗೆದು ಒರೆಸಿಕೊಂಡು, ಪರದೆಯನ್ನೇ ನೋಡುತ್ತ ಅಂದರು: “ಅವತ್ತು ರೊಟ್ಟಿ ಅಂಗಡಿ ಮೂಲೇಲಿ ಎಷ್ಟೋ ಹೊತ್ತು ನಿಂತಿದ್ದೆ, ಹೋಸಿಯತ್. ಹೀಗೆ ಯಾರಾದ್ರೂ ಬರ್ತಾರೆ ಅಂತ. ಯಾರೂ ಬರ್ಲಿಲ್ಲ.”

ನಿನ್ನ ಹೆಸರು ನಾನು ಎತ್ತಲಿಲ್ಲ. ಆದರೆ ಕೇಳುತ್ತೇನೆ, ಅವತ್ತು ನೀನು ಎಲ್ಲಿಯವರೆಗೆ ಓಡಿದ್ದೆ? ನಮ್ಮ ಬಾಗಿಲ ಹಿಂದಿನವರೆಗೋ? ಕರೆಯದೇ ಇದ್ದವಳು ಸಿನಿಮಾದವರಿಗೆ ಮಾತ್ರ ಗೆಳತಿ ಕರೆತಂದಳು ಎಂದು ಯಾಕೆ ಹೇಳಿದೆ? ಉತ್ತರ ಬರೆ. ಚೆನ್ನಾಗಿ ಟೈಪ್ ಮಾಡುವುದು ನಿನಗೆ ಮೊದಲಿನಿಂದಲೂ ಗೊತ್ತು.

ಈಗಲೂ ನಿನ್ನ ಗೆಳತಿಯೇ ಆದ,
ಹೋಸಿಯತ್

ಮರೆತಿದ್ದೆ: ಸೋಮವಾರ ಬೆಳಿಗ್ಗೆ ಅವರು ಹೇಳಿ ಹೋಗಲು ಮನೆಗೆ ಬಂದಿದ್ದರು. ಚಹಾ ಕೊಟ್ಟೆ. ಬಟ್ಟಲಲ್ಲಿ ಎಷ್ಟಿತ್ತು ಎಂದು ಬರೆಯುವುದಿಲ್ಲ. ಬೆಳಗಿನ ಬಸ್ಸು ತಪ್ಪಿ ಸಂಜೆಯದರಲ್ಲಿ ಬಂದದ್ದು ಯಾಕೆ ಎಂದು ಅವರನ್ನೇ ಕೇಳು.