ಊಟದ ಕೋಣೆಯ ನಡುವೆ ಹಾಯುವ ಮದುಮಗಳ ದಾರಿ

ಹಾಲಿಂಗ್‌ಮಿಯರ್ ಮಹಲಿನ ಮಾನ್ಯ ಮುಖ್ಯ ಪಾಲಕರೇ,

ನನ್ನ ಮಗಳ ಮದುವೆ ಮೆರವಣಿಗೆ ಮಹಲಿನ ಊಟದ ಕೋಣೆಯೊಳಗೆ ಹಾದುಹೋಗಕೂಡದು ಎಂದು ತಾವು ಅಪ್ಪಣೆ ಹೊರಡಿಸಿದ್ದೀರಿ. ಕಾರಣವೇನು? ರತ್ನಗಂಬಳಿ! ಆಹಾ, ಬೀಳಲಿ ಸಿಡಿಲು, ಅಲುಗಲಿ ತೂಗುದೀಪ! ಎರಡು ಶತಮಾನ ಪ್ರಭುಗಳೇ ತಡೆಯಲಾಗದ ದಾರಿಯನ್ನು ಒಂದು ನೆಲಹಾಸು ತಡೆಯಿತು!

ತಾವು ಇಲ್ಲಿಗೆ ಬಂದು ಎಂಟು ತಿಂಗಳಾಯಿತಷ್ಟೆ. ಹಾಗಾಗಿ ತಮ್ಮ ಮಹಲಿನ ಚರಿತ್ರೆಯನ್ನು ತಮಗೇ ಹೇಳುವ ಭಾಗ್ಯ, ಪ್ರತಿ ಗುರುವಾರ ಅದೇ ಕೋಣೆಯಲ್ಲಿ ಬಿಟ್ಟಿ ಮಾರ್ಗದರ್ಶಿಯಾಗಿ ನಿಲ್ಲುವ ನನ್ನ ಪಾಲಿಗೆ ಬಂದಿದೆ. ಊರಿನ ಕ್ರಿಸ್ಮಸ್ ನಾಟಕದಲ್ಲಿ ಮೂವತ್ತು ವರ್ಷ ರಾಕ್ಷಸನಾಗಿ ಗರ್ಜಿಸಿದ ಗಂಟಲು ನನ್ನದು. ಈ ಕಾಗದವನ್ನು ದಯವಿಟ್ಟು ತುಸು ದೂರ ಹಿಡಿದು ಓದಿ.

ಸಾವಿರದ ಏಳುನೂರ ಅರವತ್ತೆಂಟು. ಪರದೆ ಏಳುತ್ತದೆ. ಲಾರ್ಡ್ ಪೆಂಡ್ಲ್‌ಕ್ರಾಫ್ಟ್ ಹೊಸ ಮಹಲಿಗೆ ಜಾಗ ನೋಡಲು ನಿಂತಿದ್ದಾನೆ. ಎದುರಿಗೆ ಏನು ಕಂಡಿತು? ಮೂವತ್ತೊಂದು ಗುಡಿಸಲು, ಒಣಹಾಕಿದ ಒಳಂಗಿಗಳು, ಒಂದು ಹಂದಿ. ಛೇ, ನೋಟ ಕೆಟ್ಟಿತಲ್ಲ! ಕೆಡವಿಸು ಊರನ್ನು, ಕಟ್ಟಿಸು ಒಂದು ಮೈಲಿ ಆಚೆ, ದಿಬ್ಬದ ಹಿಂದೆ! ಚರ್ಚನ್ನು ಮಾತ್ರ ಉಳಿಸಿದ, ತೋಟದಲ್ಲಿ ಚೆನ್ನಾಗಿ ಕಾಣುತ್ತದೆಂದು. ಎಲ್ಲವನ್ನೂ ಯೋಚಿಸಿದ ಆ ಮಹಾನುಭಾವ ಒಂದನ್ನು ಮರೆತ. ಊರವರು ತಲೆಮಾರುಗಳಿಂದ ಚರ್ಚಿಗೆ ನಡೆಯುತ್ತಿದ್ದ ಹಳೆಯ ಕಾಲುದಾರಿ ಅವನ ಊಟದ ಕೋಣೆಯ ನಟ್ಟನಡುವೆಯೇ ಹಾಯುತ್ತಿತ್ತು. ಗೋಡೆ ಎದ್ದು ಚಾವಣಿ ಕೂತ ಮೇಲೆ ಊರವರು ನ್ಯಾಯಾಧೀಶರ ಮುಂದೆ ನಿಂತರು. ದಾರಿ ಊರಿನದೇ ಎಂದು ತೀರ್ಪಾಯಿತು!

ಮಹಲು ಕೆಡವಬೇಕೆ? ಲಾರ್ಡ್ ಒಂದು ಉಪಾಯ ಹೂಡಿದ. ಕೋಣೆಗೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬಾಗಿಲು. ಉಳಿದವರೆಲ್ಲ ಮಹಲನ್ನು ಸುತ್ತಿಕೊಂಡು ಹೋಗಬೇಕು, ಊರಿನ ಪ್ರತಿ ಮದುಮಗಳು ಮಾತ್ರ ಮದುವೆಯ ದಿನ ಒಳಗಿಂದಲೇ ಚರ್ಚಿಗೆ ಹೋಗಬಹುದು. ಆದರೆ ಒಬ್ಬಳೇ ಒಬ್ಬಳು ಸುತ್ತಿಕೊಂಡು ಹೋದರೂ ಅಂದಿನಿಂದ ದಾರಿ ಮಹಲಿನದು. ಹೀಗೆಂದು ಕರಾರಾಯಿತು. ಬೆಳಗಿನ ತಿಂಡಿಗೆ ಕುಳಿತ ಇಪ್ಪತ್ತು ದೊಡ್ಡ ಮನುಷ್ಯರೆದುರು ನಡೆಯಲು ಯಾವ ಗುಡಿಸಲಿನ ಹುಡುಗಿಗೆ ಎದೆಗಾರಿಕೆ ಇದ್ದೀತು? ಒಬ್ಬಳು ನಾಚಿದರೆ ಕೆಲಸವಾಯಿತು.

ಪಾಪ, ಅವನು ನಮ್ಮೂರಿನ ಹೆಣ್ಣುಮಕ್ಕಳನ್ನು ಕಂಡಿರಲಿಲ್ಲ!

ಮೂರೇ ವಾರದಲ್ಲಿ ಬಂದಳು ಹಾಲು ಕರೆಯುವ ಡಾರ್ಕಸ್ ಪೆನ್‌ಫೋಲ್ಡ್, ನಮ್ಮ ಮನೆತನದವಳು. ನಡೆದದ್ದಷ್ಟೇ ಅಲ್ಲ, ಮೇಜಿನ ಮೇಲಿದ್ದ ಹಂದಿಮಾಂಸದ ತುಂಡೊಂದನ್ನು ಬಾಯಿಗೆ ಹಾಕಿಕೊಂಡು "ಉಪ್ಪು ಕಮ್ಮಿ ಆಯ್ತು ಸ್ವಾಮಿ" ಎಂದು ಪಶ್ಚಿಮದ ಬಾಗಿಲು ದಾಟಿದಳು. ಇದನ್ನು ಪಾದ್ರಿಯೇ ಮದುವೆ ದಾಖಲೆಯ ಅಂಚಿನಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿಂದ ಇಲ್ಲಿಯವರೆಗೆ ಇನ್ನೂರ ಹನ್ನೆರಡು ಮದುವಣಗಿತ್ತಿಯರು. ಹಿಮ ಬಿದ್ದಾಗ ನಡೆದರು, ಯುದ್ಧಕಾಲದಲ್ಲಿ ತೋಳು ಕೊಟ್ಟು ಚರ್ಚಿಗೆ ಕರೆದೊಯ್ಯಲು ಗಂಡಸರಿಲ್ಲದಾಗ ಒಬ್ಬರೇ ನಡೆದರು. ಒಬ್ಬಳೂ ಸುತ್ತಿಕೊಂಡು ಹೋಗಲಿಲ್ಲ.

ನನ್ನ ತಾಯಿ ನಡೆದದ್ದು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ. ಹೊರಗೆ ಜಡಿಮಳೆ. ಆಗಿನ ಲಾರ್ಡ್ ಬಾಗಿಲು ಎಳೆದುಕೊಟ್ಟು, ಮತ್ತೆ ಮೊಟ್ಟೆ ಒಡೆಯುತ್ತ ಕೂತರಂತೆ.

"ಏನಮ್ಮಾ ಹುಡುಗಿ, ಕಾಲು ಒರೆಸ್ಕೊಂಡು ಬರಬಾರ್ದಾ?"

"ನಮ್ಮನೆ ಕೆಡವೋವಾಗ ನಿಮ್ಮ ಹಿರೀಕರು ಒರೆಸ್ಕೊಂಡಿದ್ರಾ ಸ್ವಾಮಿ?"

ಲಾರ್ಡ್ ನಕ್ಕ ರಭಸಕ್ಕೆ ಮೊಟ್ಟೆ ಉರುಳಿ ನೆಲಕ್ಕೆ ಬಿತ್ತು. ತಮ್ಮ ಪೂಜ್ಯ ರತ್ನಗಂಬಳಿಯ ಅಂಚಿನಲ್ಲಿರುವ ಹಳದಿ ಕಲೆ ಅದೇ ಮಾನ್ಯರೇ. ತಮ್ಮ ತಜ್ಞರು ಅದನ್ನು ಪ್ರಾಚೀನ ಬಣ್ಣವೆಂದು ಪಟ್ಟಿಯಲ್ಲಿ ನಮೂದಿಸಿದ್ದಾರೆ. ಕೊನೆಯ ಲಾರ್ಡ್ ಸಂತಾನವಿಲ್ಲದೆ ತೀರಿಕೊಂಡು ಮಹಲು ಹಳೆಯ ಕಟ್ಟಡಗಳನ್ನು ಕಾಯುವ ತಮ್ಮ ಕಚೇರಿಗೆ ಸೇರಿದ ಮೇಲೂ, ತಮಗಿಂತ ಹಿಂದಿನ ಪಾಲಕರು ಬಾಗಿಲು ತೆರೆಯುತ್ತಲೇ ಬಂದರು.

ಕಳೆದ ವಾರ ತಮ್ಮ ಕೋಣೆಗೆ ಬಂದಿದ್ದೆ. ನೆನಪಿದೆಯೆ?

"ಮಿಸ್ಟರ್ ಪೆನ್‌ಫೋಲ್ಡ್, ಭಾವುಕರಾಗಬೇಡಿ. ಸುತ್ತಿಕೊಂಡು ಹೋದರೆ ನಾನೂರು ಗಜ, ಅಷ್ಟೇ. ಆ ಗಂಬಳಿಗೆ ಇನ್ನೂರು ವರ್ಷ ಆಗಿದೆ."

"ದಾರಿಗೆ ಏಳ್ನೂರು ಆಗಿದೆ ಮೇಡಂ."

"ಬೇಕಾದರೆ ಗೋಡೆ ಮೇಲೆ ಒಂದು ಫಲಕ ಹಾಕೋಣ."

ಫಲಕ! ಅದರ ಕರಡನ್ನೂ ತೋರಿಸಿದಿರಿ: ‘ಸೌಂದರ್ಯದ ದೃಷ್ಟಿಯಿಂದ ಗ್ರಾಮವನ್ನು ಸ್ಥಳಾಂತರಿಸಲಾಯಿತು.’ ಎಂಥ ಮೃದು ಮಾತು! ಊರೇ ಹಾಸಿಗೆ ಸುತ್ತಿಕೊಂಡು, ಶಿಳ್ಳೆ ಹಾಕುತ್ತ ದಿಬ್ಬ ಹತ್ತಿಹೋಯಿತೇನೋ ಎಂಬಂತೆ! ನಾನು ಕೇಳುತ್ತೇನೆ: ನಡೆಯುವ ಚರಿತ್ರೆಯನ್ನು ನಿಲ್ಲಿಸಿ ಅದರ ಬಗ್ಗೆ ಫಲಕ ಹಾಕುವುದನ್ನೇ ಪಾಲನೆ ಎನ್ನುತ್ತೀರಾ? ನಮ್ಮವರನ್ನು ಒಮ್ಮೆ ದಿಬ್ಬದಾಚೆ ಸಾಗಿಸಿದ್ದು ಸಾಲದೆ, ಈಗ ಗೋಡೆಯನ್ನೂ ಸುತ್ತಿಸಬೇಕೆ?

ಮನೆಗೆ ಬಂದು ಮಗಳಿಗೆ ಹೇಳಿದೆ. ಟ್ಯಾಮ್ಸಿನ್ ಹಾಲಿನ ಟ್ಯಾಂಕರ್ ಓಡಿಸುವವಳು. ಬೂಟು ಬಿಚ್ಚುತ್ತಿದ್ದವಳು ಹಾಗೇ ನಿಂತಳು.

"ಅಪ್ಪಾ, ಮದುವೇನ ಬೇರೆ ಕಡೆ ಇಟ್ಕೊಂಡ್ರೆ?"

"ಊರಿನ ಮದುಮಗಳು ಆ ಬಾಗಿಲಲ್ಲಿ ಹೋಗಲಿಲ್ಲ ಅಂದ್ರೆ ಸುತ್ತಿ ಹೋದ ಹಾಗೇ ಲೆಕ್ಕ ಮಗಳೇ. ದಾರಿ ಹೋಯ್ತು."

ಬಿಚ್ಚಿದ ಬೂಟನ್ನು ಬಾಗಿಲ ಬಳಿ ಇಟ್ಟಳು. ಆಮೇಲೆ, "ಹಾಗಾದ್ರೆ ಆ ಯಮ್ಮನಿಗೆ ಹೇಳು, ಗಂಬಳಿ ನಾವೇ ಸುತ್ತಿಟ್ಟು ನಾವೇ ಹಾಸಿಕೊಡ್ತೀವಿ. ಬೇಕಿದ್ರೆ ಬರಿಗಾಲಲ್ಲೇ ನಡೀತೀನಿ. ಆದ್ರೆ ಇನ್ನೂರು ಹೆಂಗಸರು ಉಳಿಸಿಕೊಂಡಿದ್ದನ್ನ ನಾನು ಕಳೆದೆ ಅಂತ ಆಗಬಾರ್ದು. ಆ ಮುಖ ಇಟ್ಕೊಂಡು ನಾಳೆ ಹಾಲು ತುಂಬಿಸ್ಕೊಳ್ಳೋಕೆ ಹೋಗಲಾ?" ಎಂದಳು.

ಇಡೀ ಊರನ್ನು ನಡುಗಿಸುವ ಗಂಟಲನ್ನು ಬದಿಗಿಟ್ಟು ನಾನು ಆಗಲೇ ಲೇಖನಿ ಹಿಡಿದೆ.

ಆದ್ದರಿಂದ ನಮ್ಮ ಬೇಡಿಕೆ. ಜೂನ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಎಂಟು ಜನ ಹೆಂಗಸರು ಹತ್ತು ಗಂಟೆಗೇ ಬಂದು ಗಂಬಳಿ ಸುತ್ತುತ್ತಾರೆ. ಚರ್ಚಿನ ಹೊಲಿಗೆ ಸಂಘದವರು, ತಮ್ಮ ತಜ್ಞರಿಗಿಂತ ನಾಜೂಕು. ಫಲಕ ಹಾಕುವುದಾದರೆ ‘ಕೆಡವಿದರು’ ಎಂದೇ ಬರೆಸಿ. ಇನ್ನೊಂದು ವಿಷಯ. ಪೂರ್ವದ ಬಾಗಿಲು ತೇವಕ್ಕೆ ಉಬ್ಬಿಕೊಂಡಿರುತ್ತದೆ, ಹೊರಗಿನಿಂದ ತಳ್ಳಿದರೆ ಜಗ್ಗುವುದಿಲ್ಲ. ಒಳಗಿನಿಂದ ಒಬ್ಬರು ಎರಡೂ ಕೈಯಲ್ಲಿ ಎಳೆಯಲೇಬೇಕು. ಆ ಕೆಲಸವನ್ನು ಇಂದಿನವರೆಗೆ ಆಳಿಗೆ ಹೇಳಿದ ಲಾರ್ಡ್ ಇಲ್ಲ. ಮಹಲು ಯಾರದೋ ಅವರೇ ಎಳೆಯುತ್ತಿದ್ದರು. ಈಗ ಮಹಲು ತಮ್ಮ ಕೈಯಲ್ಲಿದೆ. ಹುಡುಗಿ ಮೂರು ಸಲ ಬಡಿಯುತ್ತಾಳೆ. ಬಂದು ಎಳೆಯಿರಿ, ಮಾನ್ಯರೇ.

ಇಂತಿ,
ಬಾಗಿಲ ಹೊರಗೆ ಮಗಳಿಗೆ ತೋಳು ಕೊಟ್ಟು ನಿಲ್ಲಲಿರುವ,
ಮುಂದಿನ ಗುರುವಾರ ಬಹುಶಃ ಕೆಲಸವಿಲ್ಲದ ಬಿಟ್ಟಿ ಮಾರ್ಗದರ್ಶಿ,
ಆಂಬ್ರೋಸ್ ಪೆನ್‌ಫೋಲ್ಡ್
ದಿಬ್ಬದ ಹಿಂದಿನ ಊರು