ಗುರುವಾರ ನಿಮಗೆ ಅನುಕೂಲವೇ

ಆಸ್ಪತ್ರೆಯ ಮೂರನೇ ಮಹಡಿ
ಒಂಬತ್ತನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನಲ್ಲಿ ನೀನು ಬೇಯಿಸಿದ್ದನ್ನು ಇಪ್ಪತ್ತು ಜನ ತುಟಿಪಿಟಕ್ಕೆನ್ನದೆ ತಿನ್ನುತ್ತಾರೆ ಅಂತ ಬರೆದಿದ್ದೆ. ಪಾಪ, ನಡುಗಡಲಲ್ಲಿ ಅವರು ಇನ್ನೆಲ್ಲಿಗೆ ಹೋದಾರು. ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ ಎಲ್ಲ ಆಗುತ್ತಿದೆ. ಅಮ್ಮ ಹಾಗೆಯೇ ಇದ್ದಾಳೆ. ಇವತ್ತಿಗೆ ನಲವತ್ತೊಂದು ದಿನ, ಉಸಿರೆಲ್ಲ ಮೆಷಿನ್ನಿನದೇ. ಅವಳಿಗೆ ಇನ್ನು ಎಚ್ಚರವಾಗುವುದಿಲ್ಲ ಎಂದು ಮೂವರು ಡಾಕ್ಟರು ಹೇಳಿಯಾಗಿದೆ. ಮೆಷಿನ್ ತೆಗೆಯಲು ಒಂದು ದಿನ ಗೊತ್ತುಮಾಡಿ ಎಂದು ಹೋದ ವಾರವೇ ಕೇಳಿದ್ದರು. ನಾನು ಇವತ್ತು ನಾಳೆ ಅಂತ ತಳ್ಳುತ್ತಲೇ ಬಂದೆ.

ಇದೇ ಆಸ್ಪತ್ರೆಯ ನರ್ಸುಗಳಿಗೆ ನಾನು ಇಂಗ್ಲಿಷ್ ಹೇಳಿಕೊಡುವುದು ನಿನಗೆ ಗೊತ್ತಲ್ಲ. ಹೋದ ತಿಂಗಳಿನ ಪಾಠ, ಫೋನಿನಲ್ಲಿ ದಿನ ಗೊತ್ತುಮಾಡುವುದು. 'ಕಮ್ ಆನ್ ಥರ್ಸ್‌ಡೇ' ಅಂತ ಅಪ್ಪಣೆ ಕೊಡಬೇಡಿ, 'ವುಡ್ ಥರ್ಸ್‌ಡೇ ಸೂಟ್ ಯೂ' ಅಂತ ಅನುಕೂಲ ಕೇಳಿ. ಒಪ್ಪಿದ ಮೇಲೆ ತಾರೀಖು, ಗಂಟೆ ಇನ್ನೊಮ್ಮೆ ಹೇಳಿ, ಥ್ಯಾಂಕ್ಸ್ ಹೇಳಿ. ನನ್ನ ಜೊತೆ ಯಾವಾಗಲೂ ಇಂಗ್ಲಿಷಲ್ಲೇ ಮಾತಾಡಬೇಕು, ಇಲ್ಲದಿದ್ದರೆ ಕಿವಿ ಹಿಂಡುತ್ತೇನೆ ಅಂತಲೂ ಹೆದರಿಸಿದ್ದೆ.

ಇವತ್ತು ಬೆಳಿಗ್ಗೆ ಫೋನ್ ಬಂತು. ನಾವೆಲ್ಲ ಗುಬ್ಬಿ ಅನ್ನುವ ನರ್ಸು. ತರಗತಿಯಲ್ಲಿ ಅವಳ ಬಾಯಿ ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. "ಮ್ಯಾಮ್, ವುಡ್ ಥರ್ಸ್‌ಡೇ ಸೂಟ್ ಯೂ?" ಅಂದಳು. ಒಂದು ತಪ್ಪಿಲ್ಲ. "ಥರ್ಸ್‌ಡೇ ಈಸ್ ಫೈನ್" ಅಂದೆ, ಪಾಠದಲ್ಲಿದ್ದ ಉತ್ತರ ಅದೇ. ಹನ್ನೆರಡನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ ಎಂದು ಇಂಗ್ಲಿಷಿನಲ್ಲೇ ಇನ್ನೊಮ್ಮೆ ಹೇಳಿ, ಥ್ಯಾಂಕ್ಸ್ ಅಂದಳು. ನಾನು "ವೆರಿ ಗುಡ್" ಅಂದೆ ಕಣೋ. ಅವಳು ಫೋನ್ ಇಡಲಿಲ್ಲ. "ಮೇಡಂ, ನಮ್ಮ ಭಾಷೇಲಿ ಕೇಳೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ" ಅಂತ ಅತ್ತಳು. ನನಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ಎಣ್ಣೆ ಕಾಯುವಾಗ ಹುಷಾರು. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊ.

ನಿನ್ನ ತಂಗಿ,
ಬಾಲ

ತಾ.ಕ.: ಮಕ್ಕಳಿಬ್ಬರ ಒಪ್ಪಿಗೆಯೂ ಬೇಕು ಅಂದರು. ಅಣ್ಣನೂ ಒಪ್ಪಿದ್ದಾನೆ ಅಂತ ಹೇಳಿ ರುಜು ಹಾಕಿಬಿಟ್ಟೆ. ನಿನ್ನನ್ನು ಕೇಳಲೇ ಇಲ್ಲ. ನಿಮ್ಮ ಹಡಗಿನ ಕಚೇರಿಯವರು ಈ ಪತ್ರದ ಫೋಟೋ ನಾಳೆಯೇ ನಿನಗೆ ತಲುಪಿಸುತ್ತಾರಂತೆ. ಬುಧವಾರ ಫೋನ್ ಮಾಡು. ಬೇಡ ಅನ್ನುವುದಾದರೆ ನನಗೆ ಹೇಳು, ನಿಲ್ಲಿಸುತ್ತೇನೆ. ಸರಿ ಅನ್ನುವುದಾದರೆ ನನಗೆ ಹೇಳಬೇಡ. ಫೋನನ್ನು ಅಮ್ಮನ ಕಿವಿಗೆ ಹಿಡಿಯುತ್ತೇನೆ, ಅವಳಿಗೇ ಹೇಳು.