ಮೊಗ್ಗು ಹೋದ ವರ್ಷ

ಜೂನ್ 4, ಬೆಳಿಗ್ಗೆ

ತಾರಸಿಯ ಸೇವಂತಿಗೆ ಗಿಡಗಳಿಗೆ ನೀರು ಹಾಕಿ ಬಂದೆ. ಗೇಣುದ್ದ ಆಗಿವೆ. ಇನ್ನು ಕುಡಿ ಚಿವುಟಬೇಕು. ಇಲ್ಲದಿದ್ದರೆ ಉದ್ದಕ್ಕೆ ಸೊಟ್ಟಗೆ ಬೆಳೆದು, ತುದಿಗೊಂದು ಹೂ ಬಿಟ್ಟು ಸುಮ್ಮನಾಗುತ್ತವೆ.

ಆಮೇಲೆ ಅಣ್ಣನ ಶರ್ಟಿಗೆ ಗುಂಡಿ ಹಾಕಿದೆ. ಊರಿಗೆಲ್ಲ ಕೋಟು ಹೊಲಿದ ದರ್ಜಿ, ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದ. ಸ್ಟ್ರೋಕ್ ಆದಮೇಲೆ ಬಲಗೈ ಮಾತು ಕೇಳುವುದಿಲ್ಲ. ಆದರೂ ಇದ್ದಾನಲ್ಲ, ನನ್ನ ಜೊತೆ ಜಗಳ ಆಡುತ್ತಾನಲ್ಲ... ಅಷ್ಟೇ ಸಾಕು.

ಜೂನ್ 6

ಫಿಸಿಯೋಥೆರಪಿ ಹುಡುಗಿ ಬಂದಿದ್ದಳು. ಹೆಬ್ಬೆರಳು, ತೋರುಬೆರಳು ಕೂಡಿಸಿ ಒತ್ತುವುದು ಬಂದರೆ ಮತ್ತೆ ಸೂಜಿ ಹಿಡಿಯಬಹುದಂತೆ. ಒತ್ತಿ ಒತ್ತಿ ಅಭ್ಯಾಸ ಮಾಡಲು ಸ್ಪಂಜು ಕೊಟ್ಟಳು. ಅವಳು ಹೋದದ್ದೇ ತಡ, ಅಣ್ಣ ಅದನ್ನು ಮಂಚದಡಿಗೆ ಎಸೆದ.

"ನಾನೇನು ಮಗುನಾ ಪುಟ್ಟಿ, ಆಟ ಆಡ್ತಾ ಕೂರೋಕೆ?"

ಐವತ್ತು ದಾಟಿದರೂ ನಾನು ಪುಟ್ಟಿಯೇ.

ಜೂನ್ 9

ತಾರಸಿಗೆ ಕರೆದುಕೊಂಡು ಹೋದೆ. ನನಗೆ ಬೆನ್ನು ನೋವು, ಕುಡಿ ನೀನೇ ಚಿವುಟು ಎಂದೆ. ಸುಳ್ಳು. ಬೆನ್ನು ಗಟ್ಟಿಯಾಗಿಯೇ ಇದೆ.

ಬಲಗೈ ಬೆರಳು ಎಲೆಯ ಮೇಲೆ ಜಾರಿ ಜಾರಿ ಹೋದವು. ದಂಟು ಬಲು ಗಟ್ಟಿ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ. ನಕ್ಕ. ಎಷ್ಟು ದಿನದ ಮೇಲೆ...

ಜುಲೈ 12

ಬರೆಯಲು ಪುರುಸೊತ್ತೇ ಆಗಲಿಲ್ಲ. ಈಗ ಮೆಟ್ಟಿಲು ಹತ್ತಿ ಅವನೇ ಹೋಗುತ್ತಾನೆ. ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು ಕುಡಿ ಚಿವುಟುತ್ತಾನೆ. ಅರ್ಧ ಕುಡಿ ಜಜ್ಜಿ ಹೋಗುತ್ತದೆ. ಗಿಡಕ್ಕೆ ಸಿಟ್ಟಿಲ್ಲ, ಒಂದು ಕಡೆ ಚಿವುಟಿದರೆ ಎರಡು ಕಡೆ ಚಿಗುರುತ್ತದೆ. ಪುಣ್ಯಾತ್ಮ ಗಿಡಗಳು.

ಇನ್ನು ಸಾಕು, ಮುಂದೆಯೂ ಚಿವುಟಿದರೆ ಹೂ ಬರುವುದಿಲ್ಲ, ಬರೀ ಒಣಗಿದೆಲೆ ಕೀಳು ಎಂದೆ. ಹೂಂ ಎಂದ. ಮುಖ ಸಪ್ಪಗಾಯಿತು.

ಸೆಪ್ಟೆಂಬರ್ 2

ಮೊಗ್ಗು! ಕುಂಡ ತುಂಬ. ಇಷ್ಟು ಯಾವ ವರ್ಷವೂ ಬಂದಿರಲಿಲ್ಲ.

ಸೆಪ್ಟೆಂಬರ್ 8, ಸಂಜೆ

ತಾರಸಿಗೆ ಹೋಗಿ ನೋಡಿದರೆ ಒಂದೇ ಒಂದು ಮೊಗ್ಗಿಲ್ಲ. ಗಿಡಗಳೆಲ್ಲ ಒಂದೇ ಎತ್ತರ. ಅಣ್ಣ ಸ್ಟೂಲಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಟವೆಲ್, ಅದರ ತುಂಬ ಮೊಗ್ಗು. ಟವೆಲಿನ ತುದಿಯನ್ನು ಎಡಗೈಯಲ್ಲಿ ಹಿಡಿದಿದ್ದ. ನನಗೆ ಕೋಪ ಮೂಗಿನ ತುದಿಯಲ್ಲೇ. ವರ್ಷದ ಹೂವೆಲ್ಲ ಮಣ್ಣುಪಾಲು ಮಾಡಿದೆಯಲ್ಲ ಎಂದು ಕೂಗಾಡಿಬಿಟ್ಟೆ.

"ಏರುಪೇರಾಗಿತ್ತು ಪುಟ್ಟಿ. ನೋಡೋಕೆ ಆಗ್ಲಿಲ್ಲ. ಅಂಚು ಸರಿ ಮಾಡ್ದೆ."

ಒಂದು ಮೊಗ್ಗು ಎತ್ತಿಕೊಂಡೆ. ದಂಟು ಜಜ್ಜಿರಲಿಲ್ಲ. ಉಗುರಿನಲ್ಲಿ ನೀಟಾಗಿ ಕತ್ತರಿಸಿದ ಹಾಗಿತ್ತು. ಇನ್ನೊಂದು ಎತ್ತಿದೆ. ಅದೂ ಹಾಗೆಯೇ.

"ಅಣ್ಣಾ, ಯಾವ ಕೈಲಿ ಚಿವುಟ್ದೆ?"

ಅವನಿಗೂ ಆಗಲೇ ಗೊತ್ತಾದದ್ದು. ಬಲಗೈ ಎತ್ತಿ ನೋಡಿಕೊಂಡ. ಎರಡು ಬೆರಳಿನ ತುದಿ ಹಸಿರಾಗಿತ್ತು. ಬೈಯುತ್ತಿದ್ದ ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವನೂ.

ಸೆಪ್ಟೆಂಬರ್ 9

ಈ ಸಲ ಹೂವಿಲ್ಲವಾ ಎಂದು ಪಕ್ಕದ ಮನೆಯಾಕೆ ಕೇಳಿದಳು. ಒಂದೂ ಇಲ್ಲ ಎಂದೆ. ಅಯ್ಯೋ ಪಾಪ ಎಂದಳು. ನಗು ತಡೆಯಲಾಗಲಿಲ್ಲ. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಯಾರಿಗೆ ಕೈ ಮುಗಿಯಲಿ? ದೇವರಿಗೋ, ಆ ಹುಡುಗಿಗೋ, ಬೋಳು ಗಿಡಕ್ಕೋ... ಎಲ್ಲರಿಗೂ ಒಂದೊಂದು ಸಲ ಮುಗಿಯುತ್ತೇನೆ.

ಒಳಗೆ ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆದ ಸದ್ದು. ಕರೆಯುತ್ತಿದ್ದಾನೆ. ದಾರದ ಉಂಡೆ ಎಲ್ಲಿಟ್ಟೆ ಅಂತ. ಎಲ್ಲಿಟ್ಟೆನೋ, ನನಗೂ—